ಮೇಲಿನ ಹಲ್ಲು ಮೊದಲು

ಬಾಲಾನಗರ, ಹೈದರಾಬಾದ್
18 ಜೂನ್ 2023

ಪ್ರೀತಿಯ ವಿನಾಯಕ,

ಅವ್ವನ ವರ್ಷಾಂತಿಕಕ್ಕೆ ಧಾರವಾಡಕ್ಕೆ ಬಂದಾಗ ಹಿತ್ತಲಲ್ಲಿ ನಿಂತು ನಾಲ್ಕು ಮಾತಾಡಿದ್ದೆವು. ಆಮೇಲೆ ಮಾತಿಲ್ಲ. ಫೋನಿನಲ್ಲಿ ನಾವು ಬೇಗ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಬರೆದ ಜಗಳ ಬಂದು ಮುಟ್ಟುವಷ್ಟರಲ್ಲಿ ಅರ್ಧ ಆರಿರುತ್ತದೆ.

ಇವರು ಫ್ಯಾಕ್ಟರಿಗೆ ಹೋಗುತ್ತಾರೆ, ಬರುತ್ತಾರೆ, ಟಿವಿ ಎದುರು ಕೂತು ನಿದ್ದೆ ಮಾಡುತ್ತಾರೆ. ನಿರೀಕ್ಷಾ ಡಿಗ್ರಿಯ ಮೊದಲ ವರ್ಷ ಮುಗಿಸಿದಳು. ವರ್ಷಾಂತಿಕದ ದಿನ ಅವಳಿಗೆ ಪರೀಕ್ಷೆ ಇತ್ತು, ಹೇಳಿದ್ದೆನಲ್ಲ.

ಒಂದು ವಿಷಯ ಕೇಳಬೇಕಿತ್ತು. ಪಕ್ಕದ ಕ್ವಾರ್ಟರ್ಸಿನವರಿಗೆ ಒಬ್ಬಳೇ ಮಗಳು, ವಯಸ್ಸು ಹದಿನೆಂಟು. ಬಾಯಿ ಮುಚ್ಚಿದರೆ ಅವಳ ಕೆಳಗಿನ ಹಲ್ಲು ಮೇಲಿನ ಹಲ್ಲಿನ ಮುಂದೆ ಬಂದು ಕೂಡುತ್ತವೆ. ಮುಂದಿನ ಹಲ್ಲಿನಿಂದ ಏನನ್ನೂ ಕಚ್ಚಲಾರಳು. ಕಿವಿಯ ಹತ್ತಿರ ನೋವು ಎನ್ನುತ್ತಾಳೆ. ನಮ್ಮ ತಮ್ಮ ಹಲ್ಲು ಸರಿಪಡಿಸುವ ಡಾಕ್ಟರು ಎಂದು ಬಾಯಿತಪ್ಪಿ ಹೇಳಿದ್ದೆ, ಈಗ ಅವರು ಬಿಡುತ್ತಿಲ್ಲ. ಇದಕ್ಕೆ ಏನು ಮಾಡಬೇಕು, ಇನ್ನೂ ಕಾಲವಿದೆಯೇ, ಬರೆ.

ಮನೆಯಲ್ಲಿ ಕುಮುದಾಳನ್ನು ಕೇಳಿದೆನೆಂದು ಹೇಳು.

ಗುಣಕ್ಕ


ಧಾರವಾಡ
2 ಜುಲೈ 2023

ಅಕ್ಕಾ, ನಮಸ್ಕಾರ.

ಟೈಪ್ ಮಾಡಿದ ಪತ್ರವೆಂದು ಬೇಸರಿಸಬೇಡ. ನಾನು ಹೇಳುತ್ತೇನೆ, ಕುಮುದಾ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಬಡಿಯುತ್ತಾಳೆ. ಎಲ್ಲ ಪತ್ರಕ್ಕೂ ಈಗ ಇದೇ ಅಭ್ಯಾಸವಾಗಿದೆ.

ಆ ಹುಡುಗಿಯ ವಿಷಯ. ಕೆಲವರಿಗೆ ಮೇಲಿನ ದವಡೆ ಬೆಳೆಯುವಷ್ಟು ಬೆಳೆಯುವುದಿಲ್ಲ, ಕೆಳಗಿನದು ನಿಲ್ಲುವಲ್ಲಿ ನಿಲ್ಲುವುದಿಲ್ಲ. ಹೆಚ್ಚಾಗಿ ಅದು ಮನೆತನದಲ್ಲಿ ಇಳಿದು ಬರುತ್ತದೆ. ಏಳೆಂಟು ವರ್ಷದ ಮಗುವಾದರೆ ಮೂಳೆ ಇನ್ನೂ ಹಸಿ ಮಣ್ಣು. ರಾತ್ರಿ ಮುಖಕ್ಕೆ ಕಟ್ಟಿಕೊಳ್ಳುವ ಒಂದು ಪಟ್ಟಿ ಕೊಡುತ್ತೇವೆ, ಅದು ಮೇಲಿನ ದವಡೆಯನ್ನು ಮುಂದಕ್ಕೆ ಎಳೆಯುತ್ತದೆ. ಎಲ್ಲರಿಗೂ ಪೂರ್ತಿ ಫಲ ಕೊಡುವುದಿಲ್ಲ, ಆದರೆ ಬಹಳ ಮಕ್ಕಳಿಗೆ ಮುಂದೆ ಕತ್ತಿ ತಾಗದಂತೆ ಮಾಡುತ್ತದೆ. ಹದಿನೆಂಟಕ್ಕೆ ಮಣ್ಣು ಸುಟ್ಟು ಇಟ್ಟಿಗೆಯಾಗಿದೆ. ಈಗ ಮೊದಲು ತಂತಿ ಹಾಕಿ ಹಲ್ಲುಗಳನ್ನು ಸಾಲಿಗೆ ತರಬೇಕು, ಆಮೇಲೆ ದವಡೆಯ ಮೂಳೆ ಕತ್ತರಿಸಿ ಕೂಡಿಸಬೇಕು. ಹಾಗೇ ಬಿಟ್ಟರೆ ಹಲ್ಲು ಸವೆಯುತ್ತವೆ, ಕಿವಿಯ ಮುಂದಿನ ಕೀಲು ಕೆಡುತ್ತದೆ, ಅಗಿಯುವುದು ದಿನದಿನಕ್ಕೆ ಕಷ್ಟವಾಗುತ್ತದೆ.

ಒಂದು ಮಾತು ಕೇಳಬೇಕೆನ್ನಿಸುತ್ತದೆ. ಆ ತಂದೆತಾಯಿ ಇಷ್ಟು ವರ್ಷ ಎಲ್ಲಿ ನೋಡುತ್ತಿದ್ದರು? ಮಗು ನಗುವಾಗ ಅವರು ಮನೆಯಲ್ಲಿರಲಿಲ್ಲವೆ? ಬಳಗದಲ್ಲಿ ತಿಳಿದವರು ಒಬ್ಬರೂ ಇರಲಿಲ್ಲವೆ? ಇಂಥ ಮಕ್ಕಳನ್ನು ಕಂಡಾಗ ನನಗೆ ಸಿಟ್ಟು ಬರುವುದು ದವಡೆಯ ಮೇಲಲ್ಲ. ನೀನು ಇದನ್ನು ಅವರಿಗೆ ಓದಿ ಹೇಳಬೇಕಾಗಿಲ್ಲ.

ನಿನ್ನ
ವಿನಾಯಕ


ಬಾಲಾನಗರ
30 ಜುಲೈ 2023

ವಿನಾಯಕ,

ನಿನ್ನ ಪತ್ರವನ್ನು ಪಕ್ಕದ ಮನೆಯವರಿಗೆ ಓದಿ ಹೇಳಲಿಲ್ಲ.

ಮೊನ್ನೆ ಆ ಹುಡುಗಿ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಆಕಳಿಸಲೆಂದು ಬಾಯಿ ತೆರೆದವಳು ಮುಚ್ಚಲಾಗದೆ ನಿಂತುಬಿಟ್ಟಳು. ಜೊಲ್ಲು ಇಳಿಯುತ್ತಿತ್ತು. ಜನ ಸುತ್ತ ಸೇರಿದರು. ಹಣ್ಣು ಮಾರುವವಳೊಬ್ಬಳು 'ಏಮಾಯಿಂದಮ್ಮಾ ಪಿಲ್ಲಕಿ', ಹುಡುಗಿಗೆ ಏನಾಯಿತು, ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳ ತಾಯಿ ದುಪಟ್ಟಾದಿಂದ ಮಗಳ ಮುಖ ಮುಚ್ಚಿ ಆಟೋಕ್ಕೆ ಹತ್ತಿಸಿದಳು. ಹತ್ತಿರದ ಡಾಕ್ಟರು ಎರಡೂ ಹೆಬ್ಬೆರಳನ್ನು ಬಾಯಿಗೆ ಹಾಕಿ ಒತ್ತಿ ಕೂಡಿಸಿದರು. ಅಂದಿನಿಂದ ಹುಡುಗಿ ಆಕಳಿಕೆ ಬಂದರೆ ಗದ್ದವನ್ನು ಕೈಯಿಂದ ಹಿಡಿದುಕೊಳ್ಳುತ್ತಾಳೆ.

ಅವರು ತೆಗೆದ ಎಕ್ಸ್‌ರೇ ಇದರ ಜೊತೆ ಕಳಿಸಿದ್ದೇನೆ. ಮೂಲೆ ಮಡಚಿ ಹಾಳಾಗಿತ್ತು, ಕತ್ತರಿಸಿದೆ.

ಇನ್ನೊಂದು. ನಿನ್ನ ಅಕ್ಷರ ಕಾಣದೆ ನಿನ್ನ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಅಪ್ಪ ಪಟ್ಟಿಯಿಂದ ಹೊಡೆದು ತಿದ್ದಿಸಿದ ಅಕ್ಷರ ಅದು, ಊರೆಲ್ಲ ಹೊಗಳುತ್ತಿತ್ತು. ಅಕ್ಕನಿಗೆ ಬರೆಯಲೂ ಬೇರೆಯವರ ಕೈ ಬೇಕಾಯಿತೆ? ಆಫೀಸಿನಿಂದ ಬಂದ ನೋಟೀಸಿನ ಹಾಗಿತ್ತು.

ಗುಣಕ್ಕ


ಧಾರವಾಡ
15 ಆಗಸ್ಟ್ 2023

ಅಕ್ಕಾ,

ಫಿಲ್ಮನ್ನು ಕಿಟಕಿಗೆ ಹಿಡಿದೆ. ಕುಮುದಾ ಚಹಾ ತಂದಿಟ್ಟು ಹೋದಳು, ಅದು ಆರಿತು.

ನಿನ್ನ ಕತ್ತರಿ ಹೆಸರನ್ನು ತೆಗೆದಿದೆ. ಗದ್ದವನ್ನು ತೆಗೆಯಲು ಅದರಿಂದಾಗಿಲ್ಲ. ಅದು ಅಪ್ಪನ ಗದ್ದ. ಅಪ್ಪ ರೊಟ್ಟಿಯನ್ನು ಬಾಯಿಯ ಬಲ ಮೂಲೆಗೆ ಒಯ್ದು ಕಡಿಯುತ್ತಿದ್ದುದು, ನಾವು ಹಿಂದೆ ಕೂತು ಅಣಕಿಸುತ್ತಿದ್ದುದು ನಿನಗೂ ನೆನಪಿರಬೇಕು. ಪಕ್ಕದ ಮನೆಯಲ್ಲಿ ಯಾವ ಹುಡುಗಿಯೂ ಇಲ್ಲ. ಇದು ನಿರೀಕ್ಷಾ.

ಅಕ್ಕನ ಮಗಳನ್ನು ನಾನು ಮೊದಲ ಸಲ ನೋಡಿದ್ದು ಹೀಗೆ. ಕಣ್ಣಿದ್ದಲ್ಲಿ ಕತ್ತಲೆ, ಮೂಗಿದ್ದಲ್ಲಿ ಕತ್ತಲೆ, ಹಲ್ಲು ಮಾತ್ರ ಬೆಳ್ಳಗೆ. ನಾನು ಹೈದರಾಬಾದಿಗೆ ಬಂದಾಗಲೆಲ್ಲ ಅವಳು ಶಿಬಿರದಲ್ಲಿರುತ್ತಿದ್ದಳು, ತಂದೆಯ ಕಡೆಯ ಅಜ್ಜಿಯ ಊರಲ್ಲಿರುತ್ತಿದ್ದಳು, ಗೆಳತಿಯ ಮನೆಯಲ್ಲಿರುತ್ತಿದ್ದಳು. ಫೋಟೋ ಕೇಳಿದರೆ ಶಾಲೆಯ ಗುಂಪಿನ ಕೊನೆಯ ಸಾಲಿನದು ಬರುತ್ತಿತ್ತು, ಅದರಲ್ಲೂ ಕೈ ಬಾಯಿಗೆ ಅಡ್ಡ. ಧಾರವಾಡಕ್ಕೆ ನೀನು ಒಬ್ಬಳೇ ಬರುತ್ತಿದ್ದೆ. ನಾನು ಕೇಳುವುದನ್ನು ಬಿಟ್ಟೆ. ಕೇಳದೆ ಇರುವುದೇ ಸ್ವಾಭಿಮಾನ ಎಂದು ತಿಳಿದಿದ್ದೆ.

ಹಿಂದಿನ ಪತ್ರದಲ್ಲಿ ಆ ತಂದೆತಾಯಿಯ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯದು. ಬಳಗದಲ್ಲಿ ತಿಳಿದವರಿರಲಿಲ್ಲವೆ ಎಂದು ಕೇಳಿದವನು ನಾನೇ. ಒಂದೇ ಒಂದು ಸಲ, ಅವಳಿಗೆ ಏಳೋ ಎಂಟೋ ಇದ್ದಾಗ, ನನ್ನೆದುರು ಅವಳು ನಕ್ಕಿದ್ದರೆ ಸಾಕಿತ್ತು. ಯಾಕೆ ಬಚ್ಚಿಟ್ಟೆ?

ವಿನಾಯಕ


ಬಾಲಾನಗರ
9 ಅಕ್ಟೋಬರ್ 2023

ವಿನಾಯಕ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ನಿರೀಕ್ಷಾಗೆ ಮೊದಲ ಹಲ್ಲು ಬಂದದ್ದು ಧಾರವಾಡದಲ್ಲಿ, ಬಾಣಂತನಕ್ಕೆ ಬಂದವಳು ಇನ್ನೂ ಅಲ್ಲೇ ಇದ್ದೆ. ಅವ್ವ ಬೆರಳಿಂದ ಒಸಡು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದಳು. 'ಮ್ಯಾಲಿನ ಹಲ್ಲು ಮೊದಲ ಬಂದಾವ ಗುಣಾ. ಸೋದರಮಾವಗ ಆಗಿಬರೂದಿಲ್ಲ' ಅಂದಳು. ಅದಕ್ಕೊಂದು ಶಾಸ್ತ್ರವಿದೆ. ಮಾವನಾದವನು ಮಗುವಿನ ಮುಖವನ್ನು ಮೊದಲು ಎಣ್ಣೆಯ ಬಟ್ಟಲಲ್ಲಿ ನೋಡಬೇಕು, ಆಮೇಲೆ ನೇರ ನೋಡಬಹುದು. ಅವಳು ಹುಟ್ಟಿದಾಗಿನಿಂದ ನೀನು ಪರೀಕ್ಷೆಯೆಂದು ಊರಿಗೇ ಬಂದಿರಲಿಲ್ಲ. ದಿನ ಗೊತ್ತುಮಾಡಿ ನಿನ್ನ ಹಾಸ್ಟೆಲಿಗೆ ಫೋನ್ ಮಾಡಿದೆವು. ನೀನು ಏನಂದೆ ನೆನಪಿದೆಯೇ? 'ಅವ್ವಾ, ಯಾವ ಹಲ್ಲು ಯಾವಾಗ ಬರತಾವ ಅನ್ನೋದನ್ನ ಪರೀಕ್ಷಾದಾಗ ಬರದು ಪಾಸಾಗೀನಿ. ನಿನ್ನ ಎಣ್ಣಿ ಬಟ್ಟಲದಾಗ ಬಜಿ ಕರಿ.' ಅಂದು ನಕ್ಕೆ, ಬರಲಿಲ್ಲ. ಆ ವಾರವೇ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆ.

ಅವ್ವ ದೀಪದ ಮುಂದೆ ನನ್ನ ಕೈ ಹಿಡಿದು ಆಣೆ ಹಾಕಿಸಿದಳು. ಶಾಸ್ತ್ರವಾಗದೆ ನಿನಗೆ ಮಗುವಿನ ಮುಖ ತೋರಿಸಬಾರದು. ಒಬ್ಬನೇ ಮಗ ಅಂದಳು. ನನಗೂ ನೀನು ಒಬ್ಬನೇ ತಮ್ಮ. ನಿನ್ನನ್ನು ಮತ್ತೆ ಕರೆಯಲು ಧೈರ್ಯ ಬರಲಿಲ್ಲ, ಮತ್ತೆ ನಗುತ್ತೀಯೆಂದು. ಇಷ್ಟೇ. ನೀನು ಬೇರೆ ಏನೇನೋ ಅಂದುಕೊಂಡಿರಬೇಕು.

ಅವಳು ಗಟ್ಟಿ ಕಟಕ ರೊಟ್ಟಿ ಮುಟ್ಟದಿದ್ದಾಗ ಸೊಕ್ಕು ಎಂದೆ. ಬಿಸ್ಕತ್ತನ್ನು ಚಹಾದಲ್ಲಿ ಕರಗಿಸಿ ತಿಂದರೆ ಗದರಿಸಿದೆ. ನಮ್ಮ ಮನೆಗೆಲಸದ ಹುಸೇನಮ್ಮ ರಾಯಚೂರ ಕಡೆಯವಳು, ಅವಳು ಎಂದೋ ಹೇಳಿದ್ದಳು: 'ಅಕ್ಕಾರ, ಈ ಕೂಸಿನ ಬಾಯಿ ನೋಡ್ರಿ, ಪೆಟ್ಟಗಿ ಮುಚ್ಚಳ ತಿರುವು ಹಾಕಿದಂಗ ಐತಿ. ನಿಮ್ಮ ತಮ್ಮ ಇದರಾಗ ದೊಡ್ಡ ಡಾಕ್ಟರ್ ಅಂತೀರಿ, ಒಮ್ಮಿ ತೋರಸಬಾರದೇನ್ರಿ?' ಬೇರೆಯವರಿಗೆ ತೋರಿಸಬಹುದಿತ್ತು. ಅವರು ದೊಡ್ಡದೇನೋ ಹೇಳಿದರೆ ನಿನ್ನನ್ನು ಕೇಳಬೇಕಾಗುತ್ತದೆಂದು ಅದನ್ನೂ ಮಾಡಲಿಲ್ಲ.

ಎಕ್ಸ್‌ರೇ ಕೈಗೆ ಬಂದಾಗ ಅದು ಕಪ್ಪಗೆ ಹೊಳೆಯುತ್ತಿತ್ತು, ಎಣ್ಣೆಯ ಹಾಗೆ. ಇದರಲ್ಲಿ ನೋಡಿದರೆ ಶಾಸ್ತ್ರವಾದಂತೆ ಎಂದುಕೊಂಡೆ. ಕಳಿಸಿದ ಮೇಲೆ ಹೆದರಿಕೆ ಹತ್ತಿತು. ನೋಡಿದ ಮೇಲೆ ನಿನಗೆ ಏನೂ ಆಗಿಲ್ಲ ತಾನೆ? ಅದೊಂದನ್ನು ನಿಜ ಬರೆ.

ಗುಣಕ್ಕ


ಧಾರವಾಡ
16 ಅಕ್ಟೋಬರ್ 2023

ಅಕ್ಕಾ,

ನಿನ್ನ ಪತ್ರ ನಿನ್ನೆ ಬಂತು, ಇಂದೇ ಉತ್ತರ.

ನನಗೆ ಏನೂ ಆಗಿಲ್ಲ. ಊಟ, ನಿದ್ದೆ, ಪೇಷಂಟುಗಳು, ಎಲ್ಲ ಮೊದಲಿನ ಹಾಗೇ. ಕೈ ಸ್ಥಿರವಾಗಿದೆ. ತಂತಿ ಬಗ್ಗಿಸುವವನಿಗೆ ಅದಕ್ಕಿಂತ ಬೇರೆ ಆಸ್ತಿ ಯಾವುದು? ಟೈಪಿಗೆ ಬೇರೆ ಕಾರಣ ಹುಡುಕಬೇಡ, ಅದು ನನ್ನ ಸೋಮಾರಿತನ.

ಹಾಲುಹಲ್ಲು ಮೇಲಿನದು ಮೊದಲು ಬಂತೋ ಕೆಳಗಿನದೋ ಎನ್ನುವುದಕ್ಕೂ ಅವಳ ದವಡೆಗೂ ಸಂಬಂಧವಿಲ್ಲ. ನನಗೂ ಸಂಬಂಧವಿಲ್ಲ. ಇದನ್ನು ಅಂದು ನಗದೆ ಹೇಳಬೇಕಿತ್ತು. ಅಥವಾ ಏನೂ ಹೇಳದೆ ಬಂದು ಬಟ್ಟಲಿನ ಮುಂದೆ ಕೂರಬೇಕಿತ್ತು. ಮುಗಿಯಲು ಒಂದು ಗಳಿಗೆ ಸಾಕಿತ್ತು. ಸರಿಯಾದ ಮಾತು ಆಡಿ ಎಷ್ಟು ದೂರ ಹೋಗಿಬಿಟ್ಟೆ.

ಅವಳನ್ನು ಕಳಿಸು. ತಂತಿ ನಾನೇ ಹಾಕುತ್ತೇನೆ. ಒಂದೂವರೆ ವರ್ಷ ಆಗಾಗ ಬಂದು ಹೋಗಬೇಕಾಗುತ್ತದೆ, ಆಮೇಲೆ ಶಸ್ತ್ರಕ್ರಿಯೆ ಹೈದರಾಬಾದಿನಲ್ಲೇ ಆಗಲಿ. ಅಪ್ಪನ ಗದ್ದ ಹೋಗುತ್ತದೆ, ರೊಟ್ಟಿ ಕಡಿಯಲು ಬರುತ್ತದೆ. ಎಣ್ಣೆ, ಆಣೆ ಯಾವುದನ್ನೂ ಅವಳಿಗೆ ಹೇಳಬೇಡ.

ವಿನಾಯಕ


ಬಾಲಾನಗರ
20 ಡಿಸೆಂಬರ್ 2023

ವಿನಾಯಕ,

ಕ್ರಿಸ್‌ಮಸ್ ರಜೆಯಲ್ಲಿ ಇವರು ಅವಳನ್ನು ಕರೆದುಕೊಂಡು ಬರುತ್ತಾರೆ. ನಾನು ಬರುವುದಿಲ್ಲ. ನಿಂತು ನೋಡಲಾರೆ.

ಅವಳಿಗೆ ಹೇಳಬೇಡ ಅಂದಿದ್ದೆ. ಇಷ್ಟು ವರ್ಷ ಇಲ್ಲದ ಮಾಮಾ ಈಗೆಲ್ಲಿಂದ ಬಂದ ಎಂದು ಪಟ್ಟು ಹಿಡಿದಳು, ಹೇಳಿದೆ. 'ಅಂದ್ರ ಅಮ್ಮಾ, ಮಾಮಾಗ ನಾ ಕರೋನಾ ಇದ್ದಂಗ' ಅಂದು ನಕ್ಕಳು, ಕೈ ಬಾಯಿಗೆ ಅಡ್ಡ ಹಿಡಿದು. ಅವಳು ಇಂಥದ್ದನ್ನೆಲ್ಲ ನಂಬುವವಳಲ್ಲ. ನಿನ್ನ ಹಾಗೆ.

ಅವ್ವನ ಬಟ್ಟಲು ನನ್ನ ಹತ್ತಿರವೇ ಇದೆ. ಬೇಗಂ ಬಜಾರಿಗೆ ಹೋಗಿ ಗಾಣದ ಎಣ್ಣೆ ತಂದೆ, ಇವರ ಕೈಯಲ್ಲಿ ಕಳಿಸಬೇಕೆಂದು. ಬಸ್ಸಿನಲ್ಲಿ ಚೆಲ್ಲುತ್ತದೆ, ಬಟ್ಟೆ ಹಾಳಾಗುತ್ತದೆ ಎಂದು ಇವರು ಬೇಡವೆಂದರು. ಹೌದೆನಿಸಿತು.

ಒಂದು ಕೇಳುತ್ತೇನೆ, ನಗಬೇಡ. ಮೊದಲ ಸಲ ನೇರ ಮುಖ ನೋಡಬೇಡ. ಹಲ್ಲು ಮಾತ್ರ ನೋಡು. ನನಗಾಗಿ.

ಗುಣಕ್ಕ


ಬಾಲಾನಗರ
11 ಜನವರಿ 2024

ವಿನಾಯಕ,

ಇವರು ಬಂದವರೇ ಸ್ನಾನಕ್ಕೆ ಹೋದರು. ಅವಳು ಹೇಳಿದಳು. 'ಮಾಮಾನ ಕೈ ನಡುಗತಾವ ಅಮ್ಮಾ. ಬಾಯಾಗ ಸಣ್ಣ ಕನ್ನಡಿ ಹಿಡದಿದ್ರು, ಅದು ನನ್ನ ಹಲ್ಲಿಗೆ ಟಕಟಕ ಬಡೀತಿತ್ತು. ಆಮ್ಯಾಲ ಬ್ಯಾರೆ ಡಾಕ್ಟರ್ ಬಂದು ಹಿಡಕೊಂಡ್ರು.' ಇವರನ್ನು ಕೇಳಿದೆ. ಚಹಾದ ಕಪ್ಪನ್ನು ನೀನು ಎರಡೂ ಕೈಯಲ್ಲಿ ಹಿಡಿದೆಯಂತೆ, ಆದರೂ ಕೆಳಗಿನ ಬಸಿಗೆ ಚೆಲ್ಲಿತಂತೆ.

ಅಕ್ಟೋಬರಿನಲ್ಲಿ ಕೈ ಸ್ಥಿರವಾಗಿದೆ ಎಂದು ನೀನೇ ಬರೆದಿದ್ದೀಯ. ಪತ್ರ ನನ್ನೆದುರಿಗಿದೆ. ಸ್ಥಿರವಿದ್ದ ಕೈ ಅವಳು ಬಂದು ಆ ಕುರ್ಚಿಯಲ್ಲಿ ಕೂತಾಗ ಹೋಯಿತು. ಇನ್ನು ನನಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಅವ್ವ ಸುಳ್ಳು ಹೇಳಿರಲಿಲ್ಲ.

ಅವಳು ತಂತಿ ಬೇಡವೆನ್ನುತ್ತಾಳೆ. ಶಸ್ತ್ರಕ್ರಿಯೆಯೂ ಬೇಡ. ನಡುಕ ಕಂಡು ಹೆದರಿದ್ದಾಳೆ ಎಂದುಕೊಂಡೆ. ಅದಲ್ಲ. ನೀನು ಒಳಗೆ ಬರುವ ಮೊದಲೇ ಯಾರೋ ಅವಳ ಮುಖಕ್ಕೆ ಹಸಿರು ಬಟ್ಟೆ ಹಾಕಿದರಂತೆ, ಬಾಯಿಯಷ್ಟು ಜಾಗ ಬಿಟ್ಟು. ನೀನು ಹೋದ ಮೇಲೆ ತೆಗೆದರಂತೆ. ನಂಬದವಳು ಈಗ ನನ್ನನ್ನೇ ಕೇಳುತ್ತಾಳೆ: 'ಅಷ್ಟು ಓದಿದ ಡಾಕ್ಟರ್ ಅವರ, ನನ್ನ ಮುಖ ಮುಚ್ಚಿ ನೋಡ್ಯಾರಂದ್ರ, ನೀ ಹೇಳಿದ್ದು ಖರೇನ ಅದ ಅಮ್ಮಾ. ಇಂಥಾ ಮುಖಾ ತಿದ್ದಿಸಿ ಯಾರಿಗೆ ತೋರಸಲಿ?'

ಬಟ್ಟೆ ಹಾಕಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅವಳಿಗೆ ನಾನೂ ಇರುತ್ತಿರಲಿಲ್ಲ.

ಗುಣಕ್ಕ


ಧಾರವಾಡ
27 ಜನವರಿ 2024

ಅಕ್ಕಾ,

ಇದು ನನ್ನ ಕೈ ಬರಹ. ನೀನು ಕೇಳಿದ್ದೆ. ಅಪ್ಪ ನೋಡಿದ್ದರೆ ಮತ್ತೆ ಪಟ್ಟಿ ಎತ್ತಿಕೊಳ್ಳುತ್ತಿದ್ದರು.

ನಡುಕ ಶುರುವಾದದ್ದು ಅವ್ವ ಇನ್ನೂ ಇದ್ದಾಗ. ನರದ ಕಾಯಿಲೆ, ಹೆಸರು ಬೇಡ. ಗುಳಿಗೆ ತೆಗೆದುಕೊಂಡರೆ ಕೆಲವು ಹೊತ್ತು ತಡೆಯುತ್ತದೆ. ತಂತಿ ಬಗ್ಗಿಸುವುದು ಬಿಟ್ಟು ಬಹಳ ದಿನವಾಯಿತು, ಆ ಕೆಲಸ ನನ್ನ ಜೊತೆಗಿರುವ ಡಾಕ್ಟರು ಮಾಡುತ್ತಾರೆ. ಮನೆಯವರಲ್ಲಿ ಗೊತ್ತಿದ್ದದ್ದು ಕುಮುದಾಗೆ ಮಾತ್ರ, ಅದಕ್ಕೇ ಟೈಪು. ನಿಜ ಬರೆದರೆ ನೀನು ಅವಳನ್ನು ಕಳಿಸುವುದಿಲ್ಲವೆಂದು ಸ್ಥಿರ ಎಂದು ಬರೆದೆ. ನಡುಕ ಹಳೆಯದು ಅಕ್ಕಾ, ಸುಳ್ಳು ಹೊಸದು. ನೀನು ಸುಳ್ಳಿನ ತಾರೀಖನ್ನು ನಡುಕದ ತಾರೀಖೆಂದು ಓದಿದೆ. ಬೇಕಿದ್ದರೆ ಕುಮುದಾಳನ್ನು ಕೇಳು.

ಬಟ್ಟೆ ನೀನು ಕೇಳಿದ್ದಕ್ಕೆ. ಒಮ್ಮೆ ನಕ್ಕು ಇಷ್ಟಾಯಿತು, ಈ ಸಲ ಹೇಳಿದಂತೆ ಮಾಡೋಣ ಎಂದುಕೊಂಡೆ. ಬಾಯಿಗೆ ಮಾತ್ರ ಬೆಳಕು ಬಿಟ್ಟು ನೋಡಿದೆ. ಹಲ್ಲು ಸವೆದಿವೆ, ಬಲಗಡೆ ಕೀಲು ಸದ್ದು ಮಾಡುತ್ತದೆ. ಆದರೂ ಸರಿಪಡಿಸಬಹುದು. ಹೊರಡುವಾಗ ಬಾಗಿಲಲ್ಲಿ ನಿಂತು 'ಬರತೀನ್ರಿ ಮಾಮಾ' ಅಂದಳು. ನಾನು ಕೈ ತೊಳೆಯುತ್ತ ಗೋಡೆಯ ಕಡೆ ಮುಖ ಮಾಡಿ 'ಹೂಂ' ಅಂದೆ. ತಿರುಗಲಿಲ್ಲ. ಅವಳ ಮುಖ ನಾನು ಇನ್ನೂ ನೋಡಿಲ್ಲ.

ನನ್ನ ಜೊತೆ ಓದಿದ ಮಿಲಿಂದ ಸಿಕಂದರಾಬಾದಿನಲ್ಲಿದ್ದಾನೆ. ಅವನ ಕೈ ಚೆನ್ನಾಗಿದೆ. ಅವನಿಗೆ ತೋರಿಸು. ಬಟ್ಟೆ ಹಾಕೆಂದವಳು ನೀನು ಎಂದು ಅವಳಿಗೆ ಹೇಳು. ಈ ಎರಡು ಕೆಲಸ ಮಾಡು, ಮತ್ತೇನೂ ಕೇಳುವುದಿಲ್ಲ.

ವಿನಾಯಕ


ಬಾಲಾನಗರ
30 ಜೂನ್ 2024

ವಿನಾಯಕ,

ಲಕೋಟೆ ನೋಡಿ ಯಾರದೆಂದು ತಿಳಿಯಲಿಲ್ಲ. ಇವರು ಕನ್ನಡಕ ಹಾಕಿಕೊಂಡು ಬಿಡಿಸಿ ಬಿಡಿಸಿ ಓದಿ ಹೇಳಿದರು. ಕುಮುದಾಳನ್ನು ಕೇಳು ಎಂದಿದ್ದೀಯ. ಅವಳು ನೀನು ಹೇಳಿದ್ದನ್ನು ಟೈಪ್ ಮಾಡಿದವಳು. ನನ್ನ ಸಮಾಧಾನಕ್ಕೆ ನೀವಿಬ್ಬರೂ ಸೇರಿ ಕಾಯಿಲೆಗೆ ಹಿಂದಿನ ತಾರೀಖು ಹಾಕಿದ್ದೀರಿ ಎಂದೇ ನನಗನ್ನಿಸುತ್ತದೆ. ನಿಜವಿದ್ದರೂ ಇರಬಹುದು. ಯಾವುದು ನಿಜವೆಂದು ತಿಳಿಯುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಮಿಲಿಂದ ಅವರ ಹೆಸರು ಹೇಳಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಏಪ್ರಿಲಿನಲ್ಲಿ ಕ್ಲಾಸಿನಲ್ಲಿ ದವಡೆ ಮತ್ತೆ ಸಿಕ್ಕಿಕೊಂಡಿತಂತೆ. ಈಗ ಯಾರ ಹತ್ತಿರವೂ ಹೋಗುವುದಿಲ್ಲ, ಬಚ್ಚಲಿಗೆ ಹೋಗಿ ತಾನೇ ಹೆಬ್ಬೆರಳು ಹಾಕಿ ಕೂಡಿಸಿಕೊಳ್ಳುತ್ತಾಳೆ. ಹೊರಗೆ ನಿಂತವರಿಗೆ ಆ ಸದ್ದು ಕೇಳುತ್ತದೆ. ಹುಸೇನಮ್ಮ ಮೊದಲಿನ ಹಾಗೆ ಅವಳ ಬಾಯಿಯ ಮಾತು ಎತ್ತುವುದಿಲ್ಲ.

ಬಟ್ಟೆಯ ವಿಷಯ ಇನ್ನೂ ಹೇಳಿಲ್ಲ. ನಿನ್ನೆ ಹೇಳಬೇಕೆಂದು ಅವಳು ಊಟಕ್ಕೆ ಕೂತಾಗ ಎದುರಿಗೆ ಹೋಗಿ ಕೂತೆ. ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಿಗೆ ಹಾಕಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತಲೆ ಎತ್ತದೆ, 'ಅಮ್ಮಾ, ಆ ಕಡೆ ನೋಡು' ಅಂದಳು.

ಗೋಡೆಯ ಕಡೆ ತಿರುಗಿ ಕೂತೆ. ರೊಟ್ಟಿ ನೆನೆದು ಅವಳು ಉಂಡು ಏಳುವವರೆಗೆ ತಿರುಗಲಿಲ್ಲ.

ಗುಣಕ್ಕ